ಆರನೇ ಜಿಂಕೆ ಲೋಟ

ದಾವಣಗೆರೆ ಕೆ.ಬಿ. ಬಡಾವಣೆಯ ಬಕ್ಕೇಶಪ್ಪನವರ ಮನೆಯಲ್ಲಿ ಊಟದ ಮೇಜು ಕೈತಪ್ಪಿ ಹೋಗಿ ಅಂದಿಗೆ ಹನ್ನೊಂದು ದಿನ. ಮೇಜೇನೂ ಎಲ್ಲಿಗೂ ಹೋಗಿರಲಿಲ್ಲ. ಹಾಲಿಗೂ ಅಡುಗೆಮನೆಗೂ ನಡುವೆ ಇದ್ದಲ್ಲೇ ಇತ್ತು. ಆದರೆ ಅದರ ಮೇಲೆ ಬಿಳಿ ಪಂಚೆ ಹಾಸಿ, ಐದು ಕೆಂಪು ಗಾಜಿನ ಲೋಟಗಳನ್ನು ಸಾಲಾಗಿ ನಿಲ್ಲಿಸಿಕೊಂಡು, ಅರವತ್ತಮೂರು ವರ್ಷದ ಬಕ್ಕೇಶಪ್ಪನವರು ಬೆಳಗಿನ ಪೂಜೆ ಮುಗಿದ ಗಳಿಗೆಯಿಂದ ಅಲ್ಲೇ ಬೇರು ಬಿಡುತ್ತಿದ್ದರು. ಉಳಿದವರೆಲ್ಲ ಅಡುಗೆಮನೆಯ ನೆಲದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಉಣ್ಣಬೇಕು. ಅವರ ಹೆಂಡತಿ ಸರ್ವಮಂಗಳಮ್ಮನವರಿಗೋ ಮಂಡಿನೋವು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು.

"ಏನ್ರೀ, ರೊಟ್ಟಿ ಆರಿ ಅಪ್ಪಳ ಆಗ್ತಾವೆ. ಬರ್ತೀರೋ ಇಲ್ಲೋ?"

"ಹಾ..."

ಅದು ಉತ್ತರವಲ್ಲ. ಬಕ್ಕೇಶಪ್ಪನವರು ಲೋಟವನ್ನು ಬೋರಲು ಹಿಡಿದು ಅದರ ತಳಕ್ಕೆ ಬಾಯಿಂದ ಉಸಿರು ಬಿಡುತ್ತಿದ್ದರು. ಗಾಜು ಮಬ್ಬಾಗಿ, ಆ ಮಬ್ಬು ಆರುವುದರೊಳಗೆ, ಮಾಡಿದ ಕಂಪನಿಯವರು ಆಸಿಡ್ಡಿನಲ್ಲಿ ಒತ್ತಿದ ಮುದ್ರೆ ಏನಾದರೂ ಇದ್ದರೆ ಕಣ್ಣಿಗೆ ಬೀಳುತ್ತದಂತೆ. ಈ ಭಾಗ್ಯಕ್ಕೆ ದಿನಕ್ಕೆ ನೂರು ಸಲ ಆ ಮನೆಯಲ್ಲಿ 'ಹಾ' ಎಂಬ ಸದ್ದು ಕೇಳುತ್ತಿತ್ತು.

"ನಾವು ಉಣ್ಣೋಣ ಬರ್ರಿ ಅತ್ತೆ," ಎಂದಳು ಸೊಸೆ ನಯನಾ. "ಮಾವಾರಿಗೆ ಹಸಿವಾದಾಗ ಬರ್ತಾರೆ."

"ಹಸಿವು ಆಗಬೇಕಲ್ಲ! ಜಿಂಕೆ ನೋಡೇ ಹೊಟ್ಟೆ ತುಂಬತೈತೆ ಅವರಿಗೆ," ಎಂದು ಸರ್ವಮಂಗಳಮ್ಮ ಎಣ್ಣೆಗಾಯಿಯ ಪಾತ್ರೆಯನ್ನು ನೆಲಕ್ಕೆ ಕುಕ್ಕಿದರು.

ಈ ರಗಳೆ ಹಚ್ಚಿ ಹೋದವರು ಹುಬ್ಬಳ್ಳಿಯ ದಸ್ತಗೀರ್ ಸಾಹೇಬರು. ಹಳೇ ಸಾಮಾನಿನ ವ್ಯಾಪಾರಿ. ಪಕ್ಕದ ಮನೆಯ ಬೀಟೆ ತೊಟ್ಟಿಲು ನೋಡಲು ಬಂದವರು, ಪರಿಚಯದ ಸಲುಗೆಯಿಂದ ಇವರ ಮನೆಗೂ ಒಂದು ಹೆಜ್ಜೆ ಬಂದು, ಹಾಲಿನ ಶೋಕೇಸಿನ ಮುಂದೆ ನಿಂತುಬಿಟ್ಟರು.

"ಬಕ್ಕೇಶಪ್ಪಾರೆ, ಇದು ಬೊಹೆಮಿಯಾ ಮಾಲು. ಯುರೋಪಿಂದು. ಈ ಕೆಂಪು ಐತಲ್ಲ, ಬರೀ ಮ್ಯಾಲಿನ ಪೊರೆ. ಸಣ್ಣ ತಾಮ್ರದ ಗಾಲಿ ತಿರುಗಿಸಿ, ಅದಕ್ಕೆ ಲೋಟ ಒಡ್ಡಿ ಕೆತ್ತಾರೆ ನೋಡ್ರಿ, ಕೆಂಪು ಹೋಗಿ ಒಳಗಿನ ಬಿಳೇ ಗಾಜು ಕಾಣ್ತದೆ. ಮಾಡಿದೋರ ಗುರುತು ಏನಾರ ಸಿಕ್ರೆ ಇದರ ಖದರೇ ಬ್ಯಾರೆ. ಆರೂ ಇದ್ರಂತೂ ಮಾತಾಡಾಂಗೇ ಇಲ್ಲ. ಆರನೇದೆಲ್ಲೈತ್ರಿ?"

"ಇತ್ತು. ಇವಳ ಕಾಲದಾಗೆ ಹೋತು," ಎಂದರು ಬಕ್ಕೇಶಪ್ಪ, ಅಡುಗೆಮನೆಯ ಬಾಗಿಲ ಕಡೆಗೆ ಗದ್ದ ಎತ್ತಿ ತೋರಿಸಿ.

ಆ ಬಾಗಿಲಲ್ಲಿ ಸರ್ವಮಂಗಳಮ್ಮ ಟೀ ತಟ್ಟೆ ಹಿಡಿದು ನಿಂತಿದ್ದರು. ಮೂವತ್ತನಾಲ್ಕು ವರ್ಷದಿಂದ ಈ ಮಾತನ್ನು ಅವರು ಕೇಳುತ್ತಲೇ ಬಂದಿದ್ದರು. ಮೊದಲು ಅತ್ತೆಯ ಬಾಯಲ್ಲಿ, ಆಮೇಲೆ ಗಂಡನ ಬಾಯಲ್ಲಿ, ಹಬ್ಬಕ್ಕೆ ಬಂದ ನೆಂಟರ ಬಾಯಲ್ಲಿ. ಹೇಳುವವರಿಗೆ ಅದೊಂದು ಚೇಷ್ಟೆಯ ಮಾತು. ಕೇಳುವವರ ಕರುಳು ಯಾರಿಗೆ ಬೇಕು?

ಕಥೆ ಇಷ್ಟೇ. ಬಕ್ಕೇಶಪ್ಪನವರ ತಂದೆ ಹತ್ತಿ ವ್ಯಾಪಾರಕ್ಕೆಂದು ಮುಂಬಯಿಗೆ ಹೋದವರು ಒಂದು ಪಾರ್ಸಿಯವರ ಮನೆಯ ಹರಾಜಿನಲ್ಲಿ ಈ ಲೋಟಗಳನ್ನು ಹಿಡಿದು ತಂದಿದ್ದರು. ಕಾಲುಳ್ಳ ಆರು ಲೋಟ. ಒಂದರಲ್ಲಿ ನಿಂತ ಜಿಂಕೆ, ಒಂದರಲ್ಲಿ ಓಡುವ ಜಿಂಕೆ, ಒಂದು ನೀರು ಕುಡಿಯುವುದು, ಒಂದು ತಿರುಗಿ ನೋಡುವುದು, ಒಂದರಲ್ಲಿ ಕೊಂಬಿಗೆ ಕೊಂಬು ಹಚ್ಚಿದ ಜೋಡಿ. ಆರನೆಯದರಲ್ಲಿ ಮರಿಯ ಮೈ ನೆಕ್ಕುತ್ತಿರುವ ತಾಯಿ ಜಿಂಕೆ. "ಲಿಂಗವಂತರ ಮನ್ಯಾಗೆ ಸಾರಾಯಿ ಲೋಟ ತಂದಿಟ್ಟಾನೆ" ಎಂದು ದಾಯಾದಿಗಳು ನಕ್ಕಿದ್ದೇ ನಕ್ಕಿದ್ದು. ಅವುಗಳಲ್ಲಿ ಯಾರೂ ನೀರು ಕೂಡ ಕುಡಿಯಲಿಲ್ಲ. ಅಪ್ಪ ಮೋಸಹೋಗಿರಲಿಲ್ಲ, ತಂದದ್ದು ದೊಡ್ಡ ಕಾರ್ಖಾನೆಯ ದೊಡ್ಡ ಮಾಲೇ ಎಂದು ತೋರಿಸಬೇಕೆಂಬುದು ಬಕ್ಕೇಶಪ್ಪನವರ ಹಟ. ಅದು ತಪ್ಪೆಂದು ಸರ್ವಮಂಗಳಮ್ಮನವರೂ ಅನ್ನುತ್ತಿರಲಿಲ್ಲ.

ಸರ್ವಮಂಗಳಮ್ಮ ಈ ಮನೆಗೆ ಬಂದ ಎರಡನೇ ವರ್ಷ, ಅರವತ್ತನಾಲ್ಕನೇ ಇಸವಿಯಲ್ಲಿ, ತಾಯಿ ಜಿಂಕೆಯ ಲೋಟ ಕಾಣೆಯಾಯಿತು. ಮಾವ ಗುಡುಗಿದರು. ಅತ್ತೆ ಗುರುಬಸವ್ವ ತಣ್ಣಗೆ, "ಸೊಸೆ ಮೊನ್ನೆ ತವರಿಗೆ ಹೋಗಿ ಬಂದ್ಲಲ್ಲ, ಅವಳನ್ನೇ ಕೇಳ್ರಿ" ಎಂದರು. ಜಗಳೂರಿನಿಂದ ಸರ್ವಮಂಗಳಮ್ಮನ ಅಪ್ಪ ಬಂದು, ಕೊರಳಿನ ಲಿಂಗ ಮುಟ್ಟಿ, ನಮ್ಮನೆಗೆ ಅಂಥದ್ದು ಬಂದಿಲ್ಲ ಎಂದು ಆಣೆಯಿಟ್ಟು, ಒಂದು ಲೋಟ ನೀರೂ ಕುಡಿಯದೆ ಬಸ್ಸು ಹತ್ತಿದರು. ಮುಂದಿನ ವರ್ಷ ತೀರಿಕೊಂಡರು. ಅಂದಿನಿಂದ ಶೋಕೇಸಿನ ಬೀಗದ ಕೈ ಅತ್ತೆಯ ಸೊಂಟ ಸೇರಿತು; ಅತ್ತೆ ಹೋದಮೇಲೆ ಗಂಡನ ಬೀರು. ಸರ್ವಮಂಗಳಮ್ಮ ಆ ಲೋಟಗಳನ್ನು ಒಮ್ಮೆಯೂ ಕೈಯಲ್ಲಿ ಹಿಡಿದವರಲ್ಲ.

ದಸ್ತಗೀರ್ ಸಾಹೇಬರು ಹುಬ್ಬಳ್ಳಿಗೆ ಹೋಗಿ ಯಾವುದೋ ಇಂಗ್ಲಿಷ್ ಪುಸ್ತಕದ ನಲವತ್ತು ಪುಟ ಜೆರಾಕ್ಸ್ ಮಾಡಿಸಿ ಕಳಿಸಿಕೊಟ್ಟರು. ಅಲ್ಲಿಗೆ ಮುಗಿಯಿತು ನಯನಾಳ ಬೆಳಗು. ಮನೆಯಲ್ಲಿ ಇಂಗ್ಲಿಷ್ ಸರಾಗವಾಗಿ ಓದುವವಳು ಅವಳೊಬ್ಬಳೇ. ಗಂಡ ಮಹಾಂತೇಶ್ ಕರೂರು ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಬಿಂದಿಗೆಯ ಸಣ್ಣ ಫ್ಯಾಕ್ಟರಿ ನಡೆಸುತ್ತಿದ್ದ. ಅವನ ಬುತ್ತಿ ಕಟ್ಟುತ್ತಲೇ ಅವಳು ಮಾವನಿಗೆ ಪುಟ ಓದಿ ಅರ್ಥ ಹೇಳಬೇಕು.

"ಮಾವ, ಇಲ್ಲಿ ಮೊದಲನೇ ಪುಟದಾಗೇ ಬರೆದೈತೆ. ಹಳೇ ಬೊಹೆಮಿಯಾ ಗಾಜಿಗೆ ಬಹಳಷ್ಟಕ್ಕೆ ಗುರುತೇ ಇರಲ್ಲಂತೆ. ಕೆತ್ತಿದೋರು ಸಹಿ ಹಾಕ್ತಿರಲಿಲ್ಲಂತೆ."

"ಅದನ್ನ ಬಿಡು. ಮುಂದಿನ ಪುಟ ಓದು."

"ಕೆಲವರು ಮಾತ್ರ ಜಿಂಕೆ ಕಾಲಡಿ ಹುಲ್ಲಿನಾಗೆ ತಮ್ಮ ಹೆಸರಿನ ಅಕ್ಷರ ಅಡಗಿಸ್ತಿದ್ರಂತೆ."

"ಹಾಂ! ಅದು ಮಾತು. ಕೃತಿಕಾ, ಟಾರ್ಚ್ ತಗಂಬಾ!"

"ದೇಶದ ಹೆಸರು ಚೆಕೊಸ್ಲೊವಾಕಿಯಾ ಅಂತ ಒತ್ತಿದ್ರೆ ಮೊದಲನೇ ಮಹಾಯುದ್ಧ ಆದಮೇಲಿಂದು, ಅಷ್ಟು ಹಳೇದಲ್ಲ ಅಂತ."

"ನಮ್ಮದು ಹಳೇದೇ."

"ಅದಕ್ಕೇ ಗುರುತಿಲ್ಲ ಅಂತೀನಿ ಮಾವ."

"ನೀ ಓದಮ್ಮ, ತೀರ್ಪು ಕೊಡಬ್ಯಾಡ."

ಹತ್ತು ವರ್ಷದ ಮೊಮ್ಮಗಳು ಕೃತಿಕಾ ಟಾರ್ಚ್ ಹಿಡಿಯುವುದು, ಅಜ್ಜ ಭೂತಗನ್ನಡಿಯಲ್ಲಿ ಜಿಂಕೆಯ ಕಾಲಡಿಯ ಹುಲ್ಲಿನ ಗರಿಗರಿಯನ್ನೂ ನೋಡುವುದು. ಒಂದು ಲೋಟಕ್ಕೆ ಎರಡು ದಿನ. ಆಷಾಢ ಹೀಗೇ ಕಳೆಯುತ್ತಿತ್ತು. ಇತ್ತ ಸರ್ವಮಂಗಳಮ್ಮನ ಮಂಡಿಗೆ ಎಣ್ಣೆ ತಿಕ್ಕುವವರಿಲ್ಲ, ಹಿಟ್ಟಿನ ಗಿರಣಿಗೆ ಹೋಗುವವರಿಲ್ಲ, ಗ್ಯಾಸ್ ಸಿಲಿಂಡರಿಗೆ ಹೇಳಿ ಬರುವವರಿಲ್ಲ.

"ಅಪ್ಪಾಜಿ, ಎರಡು ವಾರಕ್ಕೆ ಎಂಟು ಸೆಲ್ಲು ತಂದಿದೀನಿ," ಎಂದ ಮಹಾಂತೇಶ್ ಒಂದು ಸಂಜೆ. "ಹುಬ್ಬಳ್ಳಿಗೆ ಎಸ್‌ಟಿಡಿ ಬಿಲ್ಲು ಬ್ಯಾರೆ. ಮಾರೋದಾದ್ರೆ ಮಾರ್ರಿ, ಇಲ್ಲಾಂದ್ರೆ ಶೋಕೇಸಿಗೆ ಇಡ್ರಿ. ನೆಲದ ಮ್ಯಾಲೆ ಉಂಡು ಉಂಡು ನನಗೂ ಬೆನ್ನುನೋವು ಬಂತು."

"ನಿನ್ನ ಪ್ಲಾಸ್ಟಿಕ್ ಬಿಂದಿಗೆ ಮ್ಯಾಲೆ ನಿನ್ನ ಹೆಸರು ಒತ್ತೀಯಲ್ಲ, ಯಾಕಪ್ಪ?"

"ಒಡೆದ್ರೆ ಬೈಯಾಕೆ ವಿಳಾಸ ಬೇಕಲ್ಲ ಜನಕ್ಕೆ."

"ಹಂಗೇ ಹೊಗಳಾಕೂ ವಿಳಾಸ ಬೇಕು," ಎಂದು ಬಕ್ಕೇಶಪ್ಪ ಮತ್ತೆ 'ಹಾ' ಎಂದರು.

ಅದೇ ರಾತ್ರಿ ಊಟಕ್ಕೆ ಕೂತಾಗ ಕೃತಿಕಾ ಮಜ್ಜಿಗೆ ಅನ್ನ ಕಲಸುತ್ತಾ ಕೇಳಿದಳು. "ಅಜ್ಜಿ, ಆರನೇ ಲೋಟ ನೀವು ನಿಮ್ಮೂರಿಗೆ ಕೊಟ್ಟು ಕಳಿಸಿದ್ರಂತೆ, ಹೌದಾ?"

"ಯಾರು ಹೇಳಿದ್ದು ನಿಂಗೆ?"

"ಅಜ್ಜ. ಸ್ಕೂಲ್‌ನಾಗೆ ಲೋಟದ ಕಥೆ ಹೇಳ್ದೆ. ಆರನೇದು ಎಲ್ಲೈತೆ ಅಂತ ಫ್ರೆಂಡ್ಸೆಲ್ಲ ಕೇಳಿದ್ರು. ನಮ್ಮಜ್ಜಿ ತಗಂಡ್ರು ಅಂದೆ."

"ಏ, ಸುಮ್ನೆ ಉಣ್ಣು," ಎಂದ ಮಹಾಂತೇಶ್.

ಉಣ್ಣು ಎಂದನೇ ಹೊರತು, ಇಲ್ಲ, ನಿಮ್ಮಜ್ಜಿ ಹಂಗೆ ಮಾಡಿಲ್ಲ ಎನ್ನಲಿಲ್ಲ. ನಯನಾ ತಲೆ ತಗ್ಗಿಸಿ ಉಪ್ಪಿನಕಾಯಿ ಹುಡುಕಿದಳು. ಸರ್ವಮಂಗಳಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. ಹೆತ್ತ ಮಗನೂ ನಂಬಿದ್ದಾನೆ! ತಾನು ಸತ್ತ ಮೇಲೂ ಈ ಹುಡುಗಿ ತನ್ನ ಮಕ್ಕಳಿಗೆ ಇದೇ ಕಥೆ ಹೇಳುತ್ತಾಳೆ ಎನ್ನಿಸಿತು. ಮಂಡಿ ಹಿಡಿದುಕೊಂಡು ಎದ್ದು ಮೇಜಿನ ಹತ್ತಿರ ಹೋದರು.

"ಏನ್ರೀ, ಸಮುದ್ರದಾಚೆ ಮಾಡಿದೋರ ಗುರುತು ಹುಡುಕ್ತೀರಿ. ಮನ್ಯಾಗೆ ಕಳೆದ ಲೋಟ ಯಾರು ತಗಂಡ್ರು ಅಂತ ಒಂದಿನ ಹುಡುಕಿದ್ರಾ?"

"ಈಗ್ಯಾಕೆ ಅದು? ನಾನೇನು ಬೈದೀನಾ ನಿಂಗೆ?"

"ಬೈದಿದ್ರೆ ಚೆನ್ನಾಗಿತ್ತು. ತಿರುಗಿ ಬೈತಿದ್ದೆ. ಮೂವತ್ತನಾಲ್ಕು ವರ್ಷ ನಗ್ತಾ ಕಳ್ಳಿ ಅಂದಿರಿ."

"ಆತು ಬಿಡೆ, ಒಂದು ಲೋಟಕ್ಕೆ ಏನು ರಾಮಾಯಣ!" ಎಂದರು ಬಕ್ಕೇಶಪ್ಪ, ಐದು ಲೋಟ ಮುಂದಿಟ್ಟುಕೊಂಡು ಎರಡು ವಾರದಿಂದ ರಾಮಾಯಣ ಮಾಡುತ್ತಿದ್ದ ಮನುಷ್ಯ.

ಮೂರನೇ ದಿನ ಬೆಳಿಗ್ಗೆ ಮನೆ ಹಾರಿಹೋಗುವಂತೆ ಕೂಗು. "ಸಿಕ್ತು! ಗುರುತು ಸಿಕ್ತು!"

ಎಲ್ಲರೂ ಓಡಿದರು. ಲೋಟದ ಕಾಲಿನ ತಳದಲ್ಲಿ, ಅಂಚಿಗೆ ಹತ್ತಿಕೊಂಡು, ಗೋಧಿ ಕಾಳಿನಷ್ಟು ದೊಡ್ಡ ಗೀರು. ಒಂದು ಕಡೆ ಕೂಡಿ ಇನ್ನೊಂದು ಕಡೆ ಬಿಚ್ಚಿಕೊಂಡ ಮೂರು ಗೆರೆ. ಇಷ್ಟು ದಿನ ಅದನ್ನು ಉಜ್ಜಿ ಸವೆದ ಗಾಯವೆಂದು ಬಿಟ್ಟಿದ್ದರಂತೆ. ಈಗ ನೋಡಿದರೆ ಐದಕ್ಕೆ ಐದರಲ್ಲೂ ಅದೇ ಜಾಗ, ಅದೇ ಗೀರು.

"ಕಿರೀಟ!" ಎಂದರು ಬಕ್ಕೇಶಪ್ಪ. "ಮೂರು ಮೊನೆ ಕಿರೀಟ. ರಾಜರ ಕಾರ್ಖಾನೆ ಮಾಲಿದು. ನಮ್ಮಪ್ಪ ದಡ್ಡಲ್ಲ ಕಣಮ್ಮ ನಯನಾ."

"ಪುಸ್ತಕದಾಗೆ ಇಂಥದ್ದಿಲ್ಲ ಮಾವ. ಮತ್ತೆ ಇದು ಗಾಲಿಯಾಗೆ ಕೆತ್ತಿದಂಗಿಲ್ಲ. ಕೈಯಾಗೆ ಗೀಚಿದಂಗೈತೆ."

"ಪುಸ್ತಕದಾಗೆ ಇಲ್ಲ ಅಂದ್ರೆ ಇನ್ನೂ ಅಪರೂಪದ್ದು!"

ಅವರಿಗೆ ಎದುರು ಹೇಳುವುದು ಗೋಣಿಚೀಲಕ್ಕೆ ನೀರು ತುಂಬಿದ ಹಾಗೆ. ಕೃತಿಕಾ ಒಂದು ನೋಟ್‌ಬುಕ್ಕಿನ ತುಂಬ ಆ ಗುರುತನ್ನು ಬರೆದಳು. ಚೆನ್ನಾಗಿ ಬಂದ ಒಂದನ್ನು ಕತ್ತರಿಸಿ ಹುಬ್ಬಳ್ಳಿಗೆ ಕಳಿಸುವುದೆಂದಾಯಿತು. ಅಂದು ಸಂಜೆ ಬಕ್ಕೇಶಪ್ಪನವರು ಪೇಟೆಗೆ ಹೋಗಿ ಎಲ್ಲರಿಗೂ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದರು. ಸರ್ವಮಂಗಳಮ್ಮ ಮಾತ್ರ ಆ ಗುರುತು ನೋಡಲು ಹೋಗಲಿಲ್ಲ. ಅದು ಅವರ ಹಟ.

ಶ್ರಾವಣ ಹತ್ತಿರ ಬಂತು. ಅಟ್ಟದ ಹಿತ್ತಾಳೆ ಪಾತ್ರೆಗಳನ್ನು ಇಳಿಸಿ ತೊಳೆಯುವ ಕೆಲಸ. ಹಿತ್ತಲ ಕಲ್ಲಿನ ಮೇಲೆ ಸರ್ವಮಂಗಳಮ್ಮ ಹುಣಸೇಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಪಕ್ಕದಲ್ಲಿ ಕೃತಿಕಾ ನೋಟ್‌ಬುಕ್ ಬಿಚ್ಚಿಕೊಂಡು, "ಅಜ್ಜಿ, ಇದರಾಗೆ ಯಾವ ಕಿರೀಟ ಚೆನ್ನಾಗೈತೆ ಹೇಳ್ರಿ" ಎಂದು ಪುಟವನ್ನು ಮೂಗಿಗೇ ಹಿಡಿದಳು.

ಸರ್ವಮಂಗಳಮ್ಮ ಪುಟ ನೋಡಿದರು. ಕೈಯಲ್ಲಿದ್ದ ತಂಬಿಗೆ ನೋಡಿದರು. ತಂಬಿಗೆಯನ್ನು ಬೋರಲು ಹಾಕಿದರು. ತಳದಲ್ಲಿ ಉಳಿಯ ಮೊನೆಯಿಂದ ಹೊಡೆದ ಮೂರು ಗೆರೆ.

"ಯಾವ ಕಿರೀಟಾನೇ? ಇದು ಕಾಗೆಕಾಲು!"

"ಏನಜ್ಜಿ?"

"ನಿಮ್ಮ ಮುತ್ತಜ್ಜಿ ಹಾಕ್ತಿದ್ದ ಗುರುತು! ಪುಸ್ತಕ ತಿರುಗಿಸಿ ಹಿಡಿ. ನೋಡು."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವುದು ಸುಳ್ಳಲ್ಲ. ಓದು ಬರಹ ಬಾರದ ಗುರುಬಸವ್ವ ಮನೆಯ ಪಾತ್ರೆಗಳಿಗೆ ಹೆಸರಿನ ಬದಲು ಕಾಗೆಕಾಲು ಹಾಕಿಸುತ್ತಿದ್ದರು. ಆ ಪಾತ್ರೆಗಳನ್ನು ಮೂವತ್ತಾರು ವರ್ಷ ತಿಕ್ಕಿದ್ದು ಸರ್ವಮಂಗಳಮ್ಮನ ಕೈ. ಬಕ್ಕೇಶಪ್ಪನವರು ತಮ್ಮ ಜನ್ಮದಲ್ಲಿ ಒಂದು ಪಾತ್ರೆಯ ತಳ ನೋಡಿದವರಲ್ಲ.

ಸರ್ವಮಂಗಳಮ್ಮ ಹುಣಸೆ ಹತ್ತಿದ ಕೈಯಲ್ಲೇ ತಂಬಿಗೆಯನ್ನು ತಂದು ಬಿಳಿ ಪಂಚೆಯ ಮೇಲೆ ಬೋರಲು ಕುಕ್ಕಿದರು. ಐದು ಲೋಟಗಳೂ ಕಿಣಿಕಿಣಿ ಎಂದವು.

"ನೋಡ್ರಿ ನಿಮ್ಮ ರಾಜರ ಕಾರ್ಖಾನೆ."

ಬಕ್ಕೇಶಪ್ಪನವರು ಭೂತಗನ್ನಡಿ ಹಿಡಿದು ತಂಬಿಗೆ ನೋಡಿದರು. ಲೋಟ ನೋಡಿದರು. ಮತ್ತೆ ತಂಬಿಗೆ ನೋಡಿದರು. "ಗಾಜಿನ ಮ್ಯಾಲೆ ಅವ್ವ ಹೆಂಗೆ ಗೀಚ್ತಾಳೆ?"

"ವಜ್ರದ ಮೂಗುಬಟ್ಟು ಇತ್ತಲ್ಲ ನಿಮ್ಮವ್ವಂಗೆ. ಗಾಜು ಕೊಯ್ಯೋನೂ ವಜ್ರದಾಗೇ ಕೊಯ್ಯೋದು."

ನಯನಾ ಬಾಯಿಗೆ ಸೆರಗು ಒತ್ತಿಕೊಂಡಳು. ಸರ್ವಮಂಗಳಮ್ಮನಿಗೆ ನಗು ಬರಲಿಲ್ಲ. ಅವರ ತಲೆ ಆಗಲೇ ಮುಂದಕ್ಕೆ ಓಡಿತ್ತು. ಅತ್ತೆ ಸುಮ್ಮಸುಮ್ಮನೆ ಗುರುತು ಹಾಕಿದವರಲ್ಲ. ಮನೆಯಲ್ಲಿರುವ ಸಾಮಾನಿಗೆ ಗುರುತು ಯಾಕೆ? ಜೊತೆ ಪಾತ್ರೆಯಲ್ಲಿ ಒಂದನ್ನು ಹರಿಹರಕ್ಕೆ ಮದುವೆಯಾಗಿ ಹೋದ ಮಗಳಿಗೆ ಕೊಟ್ಟರೆ, ಇಲ್ಲಿ ಉಳಿದದ್ದಕ್ಕೆ ಕಾಗೆಕಾಲು ಬೀಳುತ್ತಿತ್ತು. ಮದುವೆ ಮುಂಜಿಗೆ ಎರಡೂ ಮನೆಯ ಪಾತ್ರೆ ಕಲೆತಾಗ, ಗುರುತಿದ್ದದ್ದು ದಾವಣಗೆರೆಗೆ, ಇಲ್ಲದ್ದು ಹರಿಹರಕ್ಕೆ. ಈ ತಂಬಿಗೆಯ ಜೊತೆ ತಂಬಿಗೆ ಹರಿಹರದಲ್ಲಿದೆ. ಅದರ ತಳ ಬೋಳು.

"ಒಂದು ಹೊರಗೆ ಹೋದಾಗ ಮಾತ್ರ ಉಳಿದಿದ್ದಕ್ಕೆ ಗುರುತು ಹಾಕೋರು ನಿಮ್ಮವ್ವ," ಎಂದರು ಸರ್ವಮಂಗಳಮ್ಮ. "ಐದಕ್ಕೂ ಹಾಕ್ಯಾರೆ ಅಂದ್ರೆ ಆರನೇದು ಎಲ್ಲೋತು ಅಂತ ಗೊತ್ತಿತ್ತು ಅವರಿಗೆ. ಅದು ಹರಿಹರಕ್ಕೆ ಹೋಗೈತೆ. ನಿಮ್ಮಕ್ಕನ ಮನಿಗೆ."

"ಸತ್ತೋರನ್ನ ಕಳ್ಳಿ ಅಂತೀಯಾ? ನಮ್ಮವ್ವನ್ನ?"

"ಬದುಕಿದ್ದೋಳನ್ನ ಅಂದಾಗ ಈ ಸಿಟ್ಟು ಎಲ್ಲಿತ್ರೀ?"

ಬಕ್ಕೇಶಪ್ಪನವರು ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಸೋಮವಾರ. ಹರಿಹರದ ಅಕ್ಕ ಕೊಟ್ರವ್ವನಿಗೆ ಕಣ್ಣಿನ ಪೊರೆ ತೆಗೆಸಿ ವಾರವಾಗಿತ್ತು, ನೋಡಲು ಹೋಗದೆ ಇರುವಂತಿಲ್ಲ. ಸರ್ವಮಂಗಳಮ್ಮ ಶೇಂಗಾ ಹೋಳಿಗೆ ಕಟ್ಟಿಕೊಂಡು ಬೆಳಿಗ್ಗೆಯೇ ಬಾಗಿಲಲ್ಲಿ ನಿಂತಿದ್ದರು. ಬಸ್ಸಿನಲ್ಲಿ ಗಂಡ ಗಂಡಸರ ಕಡೆ ಕೂತರು, ಹೆಂಡತಿ ಹೆಂಗಸರ ಕಡೆ. ಹದಿನಾಲ್ಕು ಕಿಲೋಮೀಟರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕೊಟ್ರವ್ವ ಹಸಿರು ಕನ್ನಡಕ ಹಾಕಿಕೊಂಡು ತಮ್ಮ ಕೋಣೆಯ ಮಂಚದ ಮೇಲೆ ಕೂತಿದ್ದರು. ಅರವತ್ತೆಂಟು ವರ್ಷ. ಸೊಸೆ ಪದ್ಮಶ್ರೀ ಬಂದವರಿಗೆ ನೀರು ಕೊಟ್ಟು, "ಕೂಡ್ರಿ, ಉಪ್ಪಿಟ್ಟು ತರ್ತೀನಿ" ಎಂದು ಒಳಗೆ ಹೋದಳು.

"ಬಾರೋ ತಮ್ಮಾ, ಬಾ ಮಂಗಳಾ," ಎಂದ ಕೊಟ್ರವ್ವನ ಬಾಯಲ್ಲಿ ಹಲ್ಲಿರಲಿಲ್ಲ. ಹಲ್ಲಿನ ಸೆಟ್ಟು ತಲೆದಿಂಬಿನ ಪಕ್ಕದ ಸ್ಟೂಲಿನ ಮೇಲೆ ನೀರಿನಲ್ಲಿ ಮುಳುಗಿತ್ತು. ಕೆಂಪು ಗಾಜಿನ, ಕಾಲುಳ್ಳ ಲೋಟದ ನೀರಿನಲ್ಲಿ. ತಾಯಿ ಜಿಂಕೆ ತನ್ನ ಮರಿಯ ಮೈ ನೆಕ್ಕುತ್ತಿತ್ತು, ಅದರ ಹಿಂದೆ ಕೊಟ್ರವ್ವನ ಮೇಲ್ದವಡೆ ಹಲ್ಲು ಕಿಸಿದಿತ್ತು.

ಬಕ್ಕೇಶಪ್ಪನವರು ಲೋಟಕ್ಕೆ ಕೈ ಹಾಕಿ, ಹಲ್ಲಿನ ಸೆಟ್ಟನ್ನು ತಟ್ಟೆಗೆ ಜಾರಿಸಿ, ನೀರನ್ನು ಕಿಟಕಿಯಾಚೆ ಚೆಲ್ಲಿ, ಬೋರಲು ಹಿಡಿದು ತಳಕ್ಕೆ 'ಹಾ' ಎಂದರು.

"ಇದರಾಗೆ ಕಾಗೆಕಾಲಿಲ್ಲ," ಎಂದರು.

"ಇರಂಗಿಲ್ಲ. ಇದು ಕೊಟ್ಟು ಕಳಿಸಿದ್ದಲ್ಲ," ಎಂದರು ಸರ್ವಮಂಗಳಮ್ಮ. ಆಮೇಲೆ ಮಂಚದ ಕಡೆ ತಿರುಗಿದರು. "ಅಕ್ಕಾರೆ, ಇದು ನಿಮಗೆ ಯಾವಾಗ ಬಂತು?"

ಕೊಟ್ರವ್ವ ಕನ್ನಡಕ ಸರಿಮಾಡಿಕೊಂಡರು. "ನನ್ನ ಕಡೇ ಬಾಣಂತನಕ್ಕೆ ಬಂದಿದ್ನಲ್ಲ ಮಂಗಳಾ. ಹೋಗೋ ದಿನ ಈ ಜಿಂಕೆ ಮರಿ ನೋಡಿ ನಂಗೆ ಬೇಕು ಅಂತ ಅತ್ತುಬಿಟ್ಟೆ. ಹಸಿ ಬಾಣಂತಿ ಅತ್ರೆ ಅವ್ವಂಗೆ ತಡೀತೈತಾ? ಅಪ್ಪಂಗೆ ಹೇಳಬ್ಯಾಡ, ಸೆಟ್ಟು ಮುರಿದೆ ಅಂತ ಹೊಡೀತಾನೆ ಅಂದ್ಲು. ತೊಟ್ಟಿಲು ಬಟ್ಟ್ಯಾಗೆ ಸುತ್ತಿ ಕೊಟ್ಲು."

"ನನ್ನ ಮ್ಯಾಲೆ ಹಾಕಿದ್ದು ನಿಮಗೆ ಗೊತ್ತಿತ್ತಾ?"

"ಆಮ್ಯಾಲೆ ಗೊತ್ತಾತು."

"ನಮ್ಮಪ್ಪ ಲಿಂಗ ಮುಟ್ಟಿ ಆಣೆ ಮಾಡಿ ಹೋಗಿದ್ದು?"

ಕೊಟ್ರವ್ವ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. "ಹೇಳಬೇಕು ಅಂತಿದ್ದೆ ಮಂಗಳಾ. ಮೊದಲು ಅಪ್ಪ ಇದ್ದ. ಆಮ್ಯಾಲೆ ಅವ್ವ ಇದ್ಲು. ಅವ್ವ ಹೋದ ಮ್ಯಾಲೆ, ಇಷ್ಟು ವರ್ಷ ಆದಮ್ಯಾಲೆ ಇನ್ನೇನು ಅಂತ ಸುಮ್ಮನಾದೆ. ನೀನೂ ನಗ್ತಾ ಇರ್ತಿದ್ದೆಲ್ಲ."

ನಗ್ತಾ ಇದ್ದೆ! ಸರ್ವಮಂಗಳಮ್ಮನಿಗೆ ಕಣ್ಣು ತುಂಬಿತು. ಸಿಟ್ಟಿಗೋ ದುಃಖಕ್ಕೋ ಅವರಿಗೇ ತಿಳಿಯಲಿಲ್ಲ. ಯಾರ ಮೇಲೆ ರೇಗುವುದು? ಒಬ್ಬರು ಮಣ್ಣಾಗಿದ್ದಾರೆ, ಇನ್ನೊಬ್ಬರ ಬಾಯಲ್ಲಿ ಹಲ್ಲಿಲ್ಲ. ಉಳಿದವರು ಒಬ್ಬರೇ. ಗಂಡ ಈಗಲಾದರೂ ಒಂದು ಮಾತು ಆಡಿಯಾರೆಂದು ಆ ಕಡೆ ನೋಡಿದರು.

ಬಕ್ಕೇಶಪ್ಪನವರು ಲೋಟವನ್ನು ಬೆಳಕಿಗೆ ಹಿಡಿದು ನಿಂತಿದ್ದರು. ಮುಖ ಮದುಮಗನ ಮುಖದಂತೆ ಅರಳಿತ್ತು. "ಸೆಟ್ಟು ಪೂರ್ಣ ಆತು!" ಎಂದರು. "ಅಕ್ಕಾ, ಇದನ್ನ ತಗಂಡು ಹೋಗ್ತೀನಿ. ದಸ್ತಗೀರ್ ಸಾಹೇಬ್ರು ಗುರುವಾರ ಬರ್ತಾರೆ. ಆರೂ ನೋಡಿ ದಂಗಾಗಬೇಕು ಮನುಷ್ಯ."

"ಒಯ್ಯಪ್ಪ. ನಂಗೆ ಸ್ಟೀಲ್ ಲೋಟ ಸಾಕು," ಎಂದರು ಕೊಟ್ರವ್ವ, ಪಾಪ ತೊಳೆದುಹೋದ ನಿರಾಳದಲ್ಲಿ.

"ಮತ್ತೆ ನನಗೆ?" ಎಂದರು ಸರ್ವಮಂಗಳಮ್ಮ.

"ನಿನಗೇನು?" ಬಕ್ಕೇಶಪ್ಪನವರು ಟವಲಿನಲ್ಲಿ ಲೋಟ ಸುತ್ತತೊಡಗಿದ್ದರು. "ಸಿಕ್ತಲ್ಲ, ಆತು ಬಿಡೆ. ಇನ್ನು ಯಾರೂ ಕೇಳಂಗೇ ಇಲ್ಲ."

ಆ ಮಾತು ಕಿವಿಗೆ ಬಿದ್ದದ್ದೇ ತಡ, ಸರ್ವಮಂಗಳಮ್ಮ ಎದ್ದರು. ಗಂಡನ ಕೈಯಿಂದ ಟವಲಿನ ಗಂಟನ್ನು ತೆಗೆದುಕೊಂಡರು. ಬಿಚ್ಚಿದರು. ಆ ಮನೆಯ ಸೊಸೆಯಾದ ಮೇಲೆ ಮೊದಲ ಸಲ ಜಿಂಕೆ ಲೋಟವೊಂದು ಅವರ ಕೈಗೆ ಬಂದಿತ್ತು. ಅವರು ಅಂದುಕೊಂಡಿದ್ದಕ್ಕಿಂತ ಭಾರವಿತ್ತು. ಚೊಂಬಿನಿಂದ ನೀರು ಹೊಯ್ದು, ತಟ್ಟೆಯಲ್ಲಿದ್ದ ಹಲ್ಲಿನ ಸೆಟ್ಟನ್ನು ಎತ್ತಿ ಅದರೊಳಗೆ ಹಾಕಿ, ಸ್ಟೂಲಿನ ಮೇಲೆ ಇದ್ದಲ್ಲೇ ಇಟ್ಟರು.

"ಏ! ಏನ್ ಮಾಡ್ತೀಯೇ?"

"ಇದು ಅಕ್ಕಾರದು. ಅವರವ್ವ ಕೊಟ್ಟಿದ್ದು. ಇಲ್ಲೇ ಇರ್ತದೆ."

"ಸೆಟ್ಟು..."

"ಯಾರೂ ಕೇಳಂಗಿಲ್ಲ ಅಂದ್ರಲ್ಲ, ಅದಕ್ಕೇ. ಆರೂ ಶೋಕೇಸಿನಾಗೆ ಕೂತ್ರೆ ಯಾರೂ ಕೇಳಲ್ಲ. ಯಾರೂ ಕೇಳದಿದ್ರೆ ನೀವು ಹೇಳಲ್ಲ. ನನ್ನ ಕಳವು ಹಂಗೇ ಉಳೀತೈತೆ. ಐದೇ ಇರಲಿ. ನೋಡಿದೋರೆಲ್ಲ ಕೇಳಲಿ, ಆರನೇದೆಲ್ಲಿ ಅಂತ. ಕೇಳಿದಾಗೆಲ್ಲ ನೀವೇ ಬಾಯಿ ಬಿಟ್ಟು ಹೇಳ್ರಿ."

ಪದ್ಮಶ್ರೀ ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. "ಕೊಡಮ್ಮ ಇಲ್ಲಿ," ಎಂದು ಸರ್ವಮಂಗಳಮ್ಮ ಒಂದು ತಟ್ಟೆ ತೆಗೆದುಕೊಂಡು ಕೂತು ಪೂರ್ತಿ ತಿಂದರು. ಬಕ್ಕೇಶಪ್ಪನವರು ತಮ್ಮ ತಟ್ಟೆ ಮುಟ್ಟಲಿಲ್ಲ.

ಗುರುವಾರ ದಸ್ತಗೀರ್ ಸಾಹೇಬರು ಬಂದರು. ಮೇಜಿನ ಮೇಲಿನ ಪಂಚೆ ಆಗಲೇ ಒಗೆಯಲು ಹೋಗಿತ್ತು; ಅದೇ ಮೇಜಿನ ಮುಂದೆ ಮಹಾಂತೇಶ್ ಕುರ್ಚಿಯ ಮೇಲೆ ಕೂತು ದೋಸೆ ತಿನ್ನುತ್ತಿದ್ದ. ಸಾಹೇಬರು ತಮ್ಮದೇ ಭೂತಗನ್ನಡಿ ತೆಗೆದು ಐದನ್ನೂ ಶೋಕೇಸಿನ ಹತ್ತಿರವೇ ತಿರುಗಿಸಿ ತಿರುಗಿಸಿ ನೋಡಿದರು. ಕಾಗೆಕಾಲಿನ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕರು.

"ಮಾಡಿದೋರ ಗುರುತು ಇಲ್ರಿ ಬಕ್ಕೇಶಪ್ಪಾರೆ. ಇಲ್ಲ ಅಂದ್ರೆ ಖೋಟಾ ಅಂತಲ್ಲ. ಈ ಕಿವಿ ನೋಡ್ರಿ, ಈ ಕಾಲಿನ ನರ ನೋಡ್ರಿ. ಇಂಥ ಕೈ ಇದ್ದೋನು ಹೆಸರು ಯಾಕ ಬರೀತಾನೆ? ನಿಮ್ಮ ವಾಲಿದ್ ಸಾಹೇಬ್ರು, ನಿಮ್ಮಪ್ಪಾರ ಕಣ್ಣು ಖರೇನೇ ದೊಡ್ಡದು." ಬಕ್ಕೇಶಪ್ಪನವರ ಎದೆ ಉಬ್ಬಿತು. ಸಾಹೇಬರು ಕನ್ನಡಿ ಒರೆಸಿ ಜೇಬಿಗಿಟ್ಟರು. "ಆ ಆರನೇದೊಂದು ಇದ್ದಿದ್ರೆ! ಎಲ್ಲಿ ಹೋತು ಅಂದ್ರಿ ಅದು?"

ಸರ್ವಮಂಗಳಮ್ಮ ಟೀ ತಟ್ಟೆ ಹಿಡಿದು ಬಂದಿದ್ದರು. ಅವರು ತಟ್ಟೆಯನ್ನು ಕೆಳಗಿಡಲಿಲ್ಲ. ಮಹಾಂತೇಶ್ ದೋಸೆ ಮುರಿಯುವುದನ್ನು ನಿಲ್ಲಿಸಿದ. ಕೃತಿಕಾ ಅಜ್ಜನ ಬಾಯನ್ನೇ ನೋಡುತ್ತಿದ್ದಳು.

"ಹರಿಹರದಾಗೈತೆ," ಎಂದರು ಬಕ್ಕೇಶಪ್ಪ.

ಟೀ ಆರುತ್ತಿತ್ತು.

"ನಮ್ಮಕ್ಕನ ಮನ್ಯಾಗೆ." ಅವರು ಕೆಮ್ಮಿದರು. "ನಮ್ಮವ್ವ ಕೊಟ್ಟಿದ್ಲು. ಅಪ್ಪಂಗೆ ಹೆದರಿ ಇವಳ ಮ್ಯಾಲೆ ಹಾಕಿದ್ಲು. ಇವಳು... ಇವಳು ತಗಂಡಿರಲಿಲ್ಲ. ನಾನು ಕೇಳಬೇಕಿತ್ತು. ಕೇಳಲಿಲ್ಲ."

ಸರ್ವಮಂಗಳಮ್ಮ ಟೀ ತಟ್ಟೆಯನ್ನು ಸಾಹೇಬರ ಮುಂದೆ ಇಟ್ಟು, ನೆಟ್ಟಗೆ ನಿಂತು, ಸೆರಗು ಹೊದ್ದುಕೊಂಡರು.

"ಇನ್ನೊಂದ್ಸಲ ಹೇಳ್ರಿ," ಎಂದರು. "ನಯನಾ ಅಡಿಗೆಮನ್ಯಾಗದಾಳೆ, ಅವಳಿಗೆ ಕೇಳಿಲ್ಲ."